ಸೋಮವಾರದ ಅಕ್ಕಿ

ಸೋಮವಾರ ನಾನು ಆರು ಕಿಲೋ ಅಕ್ಕಿ ಹೆಚ್ಚು ಹಾಕುತ್ತಿದ್ದೆ. ಹಾಕು ಎಂದು ಯಾರೂ ಹೇಳಿರಲಿಲ್ಲ. ನೂಲಗೇರಿಯ ನಾಲ್ಕನೇ ನಂಬರ್ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಬಿಸಿಯೂಟ ಬೇಯಿಸಿದವಳಿಗೆ ಅದನ್ನು ಹೇಳಿಕೊಡಬೇಕಾಗಿಯೂ ಇರಲಿಲ್ಲ. ನಮ್ಮದು ಪವರ್‌ಲೂಮಿನ ಊರು. ಸೋಮವಾರ ಮಗ್ಗಕ್ಕೆ ರಜೆ, ಅಂದು ಸಂಜೆ ಬಟವಾಡೆ. ವಾರದ ಕೂಲಿ ಕೈಗೆ ಬರುವುದು ಆಗಲೇ. ಹಾಗಾಗಿ ಭಾನುವಾರದ ಹೊತ್ತಿಗೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವರ ಓಣಿಯಲ್ಲಿ ಹಿಟ್ಟಿನ ಡಬ್ಬಿಗಳ ತಳ ಕಾಣುತ್ತದೆ. ಶನಿವಾರ ಶಾಲೆಯಲ್ಲಿ ಉಂಡ ಕೂಸು ಮತ್ತೆ ಹೊಟ್ಟೆ ತುಂಬ ಉಣ್ಣುವುದು ಸೋಮವಾರ ಮಧ್ಯಾಹ್ನ. ವಾರದ ನಡುವೆ ಒಂದೊಂದು ಹಿಡಿ ಉಳಿಸಿ ನಾನು ಆ ಆರು ಕಿಲೋ ಹೊಂದಿಸುತ್ತಿದ್ದೆ.

ಈ ಕಥೆ ಅಕ್ಕಿಯಿಂದಲೇ ಶುರುವಾಗಬೇಕು. ಯಂತ್ರದಿಂದ ಶುರು ಮಾಡಿದವರೆಲ್ಲ ದಾರಿ ತಪ್ಪಿದ್ದಾರೆ.

ಯಂತ್ರದ ಹೆಸರು ಬೇರೆ ಏನೋ ಇತ್ತು. ನಮ್ಮೂರಲ್ಲಿ ಎಲ್ಲರೂ ಪಾಟಿ ಎನ್ನುತ್ತಿದ್ದರು. ಹಿಂದಿನ ಕಲ್ಲುಪಾಟಿಯಷ್ಟೇ ಅಗಲ, ಅದಕ್ಕಿಂತ ಹಗುರ. ಪಟ್ಟಣಗಳಿಗೆ ಬಂದು ಹತ್ತು ವರ್ಷವಾದ ಮೇಲೆ ನಮಗೆ ಬಂತು. ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ಒಂದು ಕಣ್ಣು. ಮಗುವಿನ ಬೆರಳಿಗೆ ಒಂದು ಉಂಗುರ. ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ಕೂರಿಸಿ, ಒಂದೂವರೆ ತಾಸು ಅಕ್ಷರ, ದನಿ, ಮರದ ತುಂಡು ಎಲ್ಲವನ್ನೂ ಕೊಟ್ಟು ನೋಡುತ್ತಿದ್ದರು. ಕಣ್ಣು ಅಕ್ಷರದ ಮೇಲೆ ನಿಂತರೆ ಅದು ಕಣ್ಣಿನ ಮಗು. ದನಿ ಕೇಳಿದಾಗ ನಾಡಿ ಸಮಕ್ಕೆ ಬಂದರೆ ಕಿವಿಯ ಮಗು. ಎರಡೂ ಇಲ್ಲದೆ ಬೆರಳು ಚಡಪಡಿಸಿದರೆ ಕೈಯ ಮಗು. ಆಮೇಲೆ ಪಾಟಿ ಆ ಮಗುವಿಗೆ ಅದರ ಬಗೆಯ ಪಾಠವನ್ನಷ್ಟೇ ಬಡಿಸುತ್ತಿತ್ತು. ಮೂರನೇ, ನಾಲ್ಕನೇ, ಐದನೇ ಇಯತ್ತೆಯಲ್ಲಿ ಮೂರು ಸಲವೂ ಒಂದೇ ಫಲ ಬಂದರೆ ಬಗೆ ಖಾಯಂ. ಅಚ್ಚಿನ ಪುಸ್ತಕ ಶಾಲೆಗೆ ಬರುವುದು ನಿಂತು ನಾಲ್ಕು ವರ್ಷವಾಗಿತ್ತು.

ಜನ ಯಾವುದಕ್ಕಾದರೂ ಹೊಂದಿಕೊಳ್ಳುತ್ತಾರೆ. ಮಗ್ಗದ ಮಾಲೀಕರು ಆಳು ಕೇಳುವಾಗ "ಕೈಯಾವ ಇದ್ರ ಕಳಸು" ಎನ್ನತೊಡಗಿದರು. ಕನ್ಯೆ ನೋಡಲು ಬಂದವರು ಹುಡುಗಿ ಕಣ್ಣಿನಾಕಿಯೋ ಕಿವಿಯಾಕಿಯೋ ಎಂದು ಮೊದಲೇ ವಿಚಾರಿಸುತ್ತಿದ್ದರು. ಅತ್ತೆಯಂದಿರಿಗೆ ಕಿವಿಯಾಕಿ ಬೇಕಾಗಿತ್ತು, ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಐದನೇ ಇಯತ್ತೆಯ ನಕ್ಷತ್ರಾ ನನ್ನ ಅಡುಗೆಮನೆಯ ಬಾಗಿಲಿಗೆ ದಿನವೂ ಬರುತ್ತಿದ್ದಳು. ನಾನು ಚಿಕ್ಕಿ ಎಂದು ಕರೆಯುತ್ತಿದ್ದೆ. ಅವಳಿಗೆ ಎರಡು ಸಲ 'ಕೈ' ಎಂದು ಬಂದಿತ್ತು. ಹಾಗಾಗಿ ಅವಳ ಪಾಟಿಯಲ್ಲಿ ದಿನಕ್ಕೆ ಹತ್ತು ನಿಮಿಷ ಮಾತ್ರ ಅಕ್ಷರ, ಉಳಿದದ್ದೆಲ್ಲ ಕತ್ತರಿಸು, ಜೋಡಿಸು, ತಿರುಗಿಸು. ಆ ಹುಡುಗಿ ಅಕ್ಷರಕ್ಕಾಗಿ ನನ್ನ ಎಣ್ಣೆ ಡಬ್ಬಿಗೆ ಬರುತ್ತಿದ್ದಳು.

"ಶುದ್ಧೀಕರಿಸಿದ ಸೂರ್ಯಕಾಂತಿ ಎಣ್ಣೆ. ತಂಪಾದ, ಒಣಗಿದ ಸ್ಥಳದಲ್ಲಿ ಇಡಿ," ಎಂದು ಓದಿ, "ಆಯಿ, ನೀ ಒಲಿ ಮಗ್ಗಲಕ್ಕ ಇಟ್ಟೀಯಲ್ಲ!" ಎನ್ನುತ್ತಿದ್ದಳು.

"ಡಬ್ಬಿಗೆ ಓದಾಕ ಬರೂದಿಲ್ಲ, ಸುಮ್ನಿರು."

ಅಕ್ಕಿ ಚೀಲ, ಬೇಳೆ ಪೊಟ್ಟಣ, ಉಪ್ಪಿನ ಪಾಕೀಟು ಎಲ್ಲ ಓದಿ ಮುಗಿಸಿದ್ದಳು. ಒಂದು ಶುಕ್ರವಾರ ಅವಳು ಬಂದು ಏನನ್ನೂ ಓದದೆ ಹೊಸ್ತಿಲ ಮೇಲೆ ಕುಳಿತಳು.

"ಸೋಮವಾರ ಮೂರನೇ ಅಳತಿ ಐತಿ ಆಯಿ. ಈ ಸಲಾನೂ ಕೈ ಬಂದ್ರ ಆ ಹತ್ತು ನಿಮಿಷಾನೂ ಇಲ್ಲಂತ. ಸರ್ ಹೇಳಿದ್ರು."

"ಹಂಗಾದ್ರ ಸೋಮವಾರ ನೆಟ್ಟಗ ಕೂತು ಅಕ್ಷರ ನೋಡು."

"ನೋಡ್ತೀನಿ. ಅವು ನಿಂದ್ರೂದಿಲ್ಲ. ಸೋಮವಾರ ಅಕ್ಷರ ಅಳ್ಳಾಡ್ತಾವ."

ಸೋಮವಾರ ಅಕ್ಷರ ಅಲುಗಾಡುತ್ತವೆ. ಈ ಮಾತು ನನ್ನನ್ನು ಬಿಡಲಿಲ್ಲ. ಮಧ್ಯಾಹ್ನ ತಟ್ಟೆ ತೊಳೆದಾದ ಮೇಲೆ ವರಾಂಡದಲ್ಲಿ ಅಂಟಿಸಿದ್ದ ಪಟ್ಟಿಯ ಮುಂದೆ ನಿಂತೆ. ಏಳು ಮುಗಿಸಿದವಳು ನಾನು, ಓದಲು ಬರುತ್ತದೆ. ಮೂವತ್ತೊಂದು ಮಕ್ಕಳ ಮುಂದೆ ಕೆಂಪು ಕೈ ಗುರುತು. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟೆ. ಇವನು ಸೋಮವಾರ ಮೂರು ಸಲ ಅನ್ನ ಹಾಕಿಸಿಕೊಳ್ಳುವವನು. ಇವಳು ತಂಗಿಗೆಂದು ತಟ್ಟೆಯಲ್ಲಿ ಬಚ್ಚಿಡುವವಳು. ಇವನು ಹತ್ತು ಗಂಟೆಗೇ ಬಂದು ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವವನು. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ನನ್ನ ಆರು ಕಿಲೋ ಅಕ್ಕಿಯ ಮಕ್ಕಳೇ.

ನನ್ನ ಜೊತೆ ಅಡುಗೆ ಮಾಡುವ ಹಲೀಮಾಳನ್ನು ಕರೆದು ತೋರಿಸಿದೆ. ಅವಳು ಸೆರಗಿನಿಂದ ಕೈ ಒರೆಸುತ್ತ ನೋಡಿ, "ಅಕ್ಕಾ, ಇದು ನಮ್ಮ ಸೋಮವಾರದ ಪಂಕ್ತಿನ ಅಲ್ಲ?" ಎಂದಳು.

ಹೆಡ್ ಮಾಸ್ತರ ಬಸರಕೋಡ ಕೆಟ್ಟ ಮನುಷ್ಯನಲ್ಲ, ಅಂಜುವ ಮನುಷ್ಯ. ನನ್ನ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಂಗೆವ್ವ, ಇದನ್ನ ಎಲ್ಲಿಯೂ ಆಡಬ್ಯಾಡ. ದೊಡ್ಡ ದೊಡ್ಡ ವಿಜ್ಞಾನಿಗಳು ಮಾಡಿದ್ದು. ನೀ ಸಾರಿಗೆ ಉಪ್ಪು ನೋಡ್ಕೋ."

"ಉಪ್ಪು ನೋಡೀನ್ರಿ, ಅದಕ್ಕ ಹೇಳಾಕತ್ತೀನಿ."

ಮರುದಿನ ಶನಿವಾರ ಊಟ ಬಡಿಸಿ, ಬಸ್ಸು ಹತ್ತಿ ಜಿಲ್ಲೆಯ ಕಲಿಕಾ ಕೇಂದ್ರಕ್ಕೆ ಹೋದೆ. ದೊಡ್ಡ ಕೋಣೆ, ತಣ್ಣಗಿತ್ತು. ಗೋಡೆಯ ತುಂಬ ಪರದೆ, ಪರದೆಯ ತುಂಬ ಚುಕ್ಕೆ. ಒಂದು ಚುಕ್ಕೆ ಎಂದರೆ ಒಂದು ಮಗು. ನೀಲಿ ಕಣ್ಣು, ಹಸಿರು ಕಿವಿ, ಕೆಂಪು ಕೈ. ನಮ್ಮ ನೂಲಗೇರಿಯ ಮೇಲೆ ಕೆಂಪು ದಟ್ಟವಾಗಿತ್ತು.

ಅಳತೆಯ ಮುಖ್ಯಸ್ಥೆ ಇಪ್ಪತ್ತೇಳರ ಹುಡುಗಿ. ಮೇಧಾ ಹೊಳ್ಳ ಎಂದು ಬಾಗಿಲ ಮೇಲಿತ್ತು. ನಾನು ಮಾತು ಶುರು ಮಾಡಿದ ಕೂಡಲೇ ಅವಳು ನನ್ನ ಮುಖ ಬಿಟ್ಟು ತನ್ನ ಕನ್ನಡಕದ ಮೂಲೆಯನ್ನು ನೋಡತೊಡಗಿದಳು. ಎದುರಿನವರ ಮಾತು ಅಲ್ಲಿ ಅಕ್ಷರವಾಗಿ ಮೂಡುತ್ತದಂತೆ.

"ಸ್ವಲ್ಪ ನಿಧಾನವಾಗಿ ಹೇಳಿ ಅಮ್ಮಾ. ನಿಮ್ಮ ಕಡೆಯ ಮಾತು ಸರಿಯಾಗಿ ಮೂಡ್ತಿಲ್ಲ. ನಾನು ಕಣ್ಣಿನವಳು. ಕೇಳಿ ಅರ್ಥ ಮಾಡ್ಕೊಳ್ಳೋದು ನನಗೆ ಕಷ್ಟ."

"ಕಿವಿ ಕೇಳಸತಾವಿಲ್ರಿ?"

"ಕೇಳ್ಸುತ್ತೆ. ಅಭ್ಯಾಸ ಇಲ್ಲ. ನಾನು ಮೊದಲ ತಂಡದವಳು. ಎಂಟನೇ ವರ್ಷದಿಂದ ನನ್ನ ಪಾಟಿ ನನಗೆ ದನಿ ಕೊಟ್ಟಿಲ್ಲ."

ಅವಳು ಇದನ್ನು ಹೆಮ್ಮೆಯಿಂದಲೇ ಹೇಳಿದಳು. ನಾನು ಪಟ್ಟಿಯಲ್ಲಿ ಕಂಡಿದ್ದನ್ನು ನಿಧಾನವಾಗಿ ಮೊದಲಿನಿಂದ ಹೇಳಿದೆ.

"ಹಸಿವಿನಿಂದ ಅಂತೀರಾ?" ಎಂದಳು ಎಲ್ಲ ಓದಿ ಮುಗಿಸಿ. "ಒಂದೇ ಸಲದ ಅಳತೆಯಾದ್ರೆ ನೀವು ಹೇಳೋದು ಇರಬಹುದು. ಅದಕ್ಕೇ ನಾವು ಮೂರು ವರ್ಷ, ಮೂರು ಸಲ ಅಳೀತೀವಿ. ಮಗು ಮೂರು ಸಲವೂ ಹಸಿದಿರುತ್ತಾ?"

"ಮೂರೂ ಸಲ ಸೋಮವಾರನ ಅಳದೀರಿ ಹೌದಲ್ರಿ?"

ಅವಳು ಕನ್ನಡಕದ ಮೂಲೆಯಿಂದ ಕಣ್ಣು ತೆಗೆದು ಮೊದಲ ಸಲ ನನ್ನನ್ನು ನೋಡಿದಳು. ಭಾನುವಾರ ಎಲ್ಲ ಪಾಟಿಗಳಿಗೂ ಕೇಂದ್ರದಿಂದ ಹೊಸ ಲೆಕ್ಕ ತುಂಬುತ್ತಾರೆ, ಸೋಮವಾರ ಯಂತ್ರ ತಾಜಾ ಇರುತ್ತದೆ, ಅದಕ್ಕೇ ಸೋಮವಾರ ಎಂದಳು.

"ಯಂತ್ರ ತಾಜಾ ಇರತೈತಿ. ಕೂಸು ಇರೂದಿಲ್ಲ. ಇನ್ನೊಂದು ಹೇಳ್ತೀನಿ ತಂಗಿ. ಅಳತಿ ದಿನ ಹನ್ನೊಂದರ ತನಕ ಒಲಿ ಹಚ್ಚಬಾರ್ದಂತ ನಿಮ್ಮದ ಆದೇಶ ಐತಿ. ಬೆಳಿಗ್ಗಿ ಹಾಲೂ ಅವತ್ತ ಇಲ್ಲ."

"ಅಡುಗೆಯ ವಾಸನೆ ಗಮನ ಕೆಡಿಸುತ್ತೆ ಅಂತ. ಒಲೆಯ ಗ್ಯಾಸ್ ಮೀಟರ್ ಕೂಡ ಇಲ್ಲೇ ಕಾಣುತ್ತೆ, ನೋಡಿ." ಪರದೆಯ ಮೂಲೆ ತೋರಿಸಿದಳು. ಆಮೇಲೆ, "ಆ ಇಪ್ಪತ್ತೊಂಬತ್ತು ಮಕ್ಕಳ ಹೆಸರು ಕೊಡಿ. ಯಾರ ಮನೇಲಿ ಊಟ ಇಲ್ಲ ಅಂತ ಪರಿಶೀಲಿಸ್ತೀವಿ," ಎಂದಳು.

"ಪರಿಶೀಲಿಸಿ ಏನ್ ಮಾಡ್ತೀರಿ?"

"ಪಾಟಿಯಲ್ಲಿ ದಾಖಲು ಮಾಡ್ತೀವಿ."

ಕಣ್ಣು, ಕಿವಿ, ಕೈ ಆದ ಮೇಲೆ ಹಸಿದ ಹೊಟ್ಟೆ ಎಂದು ನಾಲ್ಕನೆಯ ಗುರುತು. ಕನ್ಯೆ ನೋಡಲು ಬಂದವರು ಅದನ್ನೂ ಕೇಳುತ್ತಾರೆ.

"ಹೆಸರು ಕೊಡೂದಿಲ್ಲ."

"ಹೆಸರು ಇಲ್ಲದೆ ಸಾಕ್ಷಿ ಇಲ್ಲ ಅಮ್ಮಾ."

"ಸಾಕ್ಷಿ ಬೇಕಂದ್ರ ನೀವ ಕೂಡ್ರಿ. ಒಂದು ಶನಿವಾರ ಮಧ್ಯಾಹ್ನ ಉಂಡು ಬಿಡ್ರಿ. ಆಮ್ಯಾಲ ಸೋಮವಾರ ಒಂಬತ್ತೂವರಿಗೆ ಉಂಗುರ ಹಾಕ್ಕೊಂಡು ನೋಡ್ರಿ ಅಕ್ಷರ ನಿಂದರತಾವೋ ಇಲ್ಲೋ."

ಅವಳು ನಕ್ಕಳು.

ಸಂಜೆ ನೇರ ಚಿಕ್ಕಿಯ ಮನೆಗೆ ಹೋದೆ. ಅವಳ ತಾಯಿ ಪ್ರಭಾವತಿ ರಾಟೆಯ ಮುಂದೆ ಕಂಡಿಕೆ ಸುತ್ತುತ್ತಿದ್ದಳು. ನಾನು ಹೇಳಿದ್ದನ್ನು ಕೇಳುತ್ತ ಕೇಳುತ್ತ ರಾಟೆ ನಿಲ್ಲಿಸಿದಳು.

"ನಮ್ಮ ಮನ್ಯಾಗ ಕೂಳಿಲ್ಲಂತ ಜಿಲ್ಲಾದ ತನಕ ಹೋಗಿ ಸಾರಿ ಬಂದಿಯಾ ತಂಗೆವ್ವಕ್ಕ?"

"ಹೆಸರು ಹೇಳಿಲ್ಲವ್ವಾ."

"ಹೇಳಾಕ ಏನ್ ಉಳದೈತಿ? ಅಕಿ ಕೈಯಾಕಿ ಆಗ್ಲಿ ಬಿಡು. ನಾನೂ ಕೈಯಾಕಿನ. ದುಡದು ತಿಂತಾಳ. ಯಾರ ಮುಂದೂ ತಟ್ಟಿ ಹಿಡಿಯೂದಿಲ್ಲ."

ಒಳಗೆ ಚಿಕ್ಕಿ ಕುಳಿತಿದ್ದಳು. ನೂಲಿನ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದುತ್ತಿದ್ದವಳು ತಾಯಿಯ ದನಿಗೆ ಬಾಯಿ ಮುಚ್ಚಿದಳು. ನಾನು ಎದ್ದು ಹೊರಟೆ. ಮರ್ಯಾದೆಯೊಂದೇ ಉಳಿದಿರುವ ಮನೆಯಲ್ಲಿ ಅದನ್ನೂ ಬಾಗಿಲಾಚೆ ಎಳೆದರೆ ಯಾರಿಗೆ ಒಳ್ಳೆಯದು? ದಾರಿಯುದ್ದ ಯೋಚಿಸುತ್ತ ಬಂದೆ. ಇಪ್ಪತ್ತೊಂಬತ್ತು ಮಕ್ಕಳನ್ನು ಆರಿಸಿ ಉಣಿಸಿದರೆ ಅದು ಸಾರಿದಂತೆಯೇ. ನೂರಾ ಎಂಬತ್ತು ಮಕ್ಕಳಿಗೂ ಉಣಿಸಿದರೆ ಅದು ಬರೀ ತಿಂಡಿ.

ಭಾನುವಾರ ಹಲೀಮಾ ತನ್ನ ಮನೆಯ ಮದುವೆ ಪಾತ್ರೆ ಹೊರತೆಗೆದಳು. ರವೆ ನನ್ನ ಮನೆಯದಿಷ್ಟು, ಅವಳ ಮನೆಯದಿಷ್ಟು. ಉಳಿದದ್ದಕ್ಕೆ ಮಸೀದಿ ಓಣಿಯಲ್ಲೂ ಮಠದ ಓಣಿಯಲ್ಲೂ ಸೆರಗೊಡ್ಡಿದೆವು. ಶಾಲೆಯ ಒಂದು ಕಾಳನ್ನೂ ಮುಟ್ಟಲಿಲ್ಲ, ಶಾಲೆಯ ಒಲೆಯನ್ನೂ. ಸೋಮವಾರ ನಸುಕಿನಲ್ಲಿ ನಮ್ಮ ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ ಉಪ್ಪಿಟ್ಟು ಕೆದಕಿದೆವು. ನೂಲು ಸಾಗಿಸುವ ತಳ್ಳುಗಾಡಿಯ ಮೇಲೆ ಪಾತ್ರೆ ಏರಿಸಿ ಎಂಟೂವರೆಗೆ ಶಾಲೆಯ ಗೇಟಿನ ಹೊರಗೆ ನಿಲ್ಲಿಸಿದೆವು.

"ಎಲ್ಲಾರೂ ಬರ್ರಿ. ಮನ್ಯಾಗ ಉಂಡು ಬಂದವರೂ ಬರ್ರಿ. ನನ್ನ ಉಪ್ಪಿಟ್ಟು ಬ್ಯಾಡ ಅಂದವರಿಗೆ ನಾಳೆ ಸಾರಿನಾಗ ಖಾರ ಜಾಸ್ತಿ ಬೀಳತೈತಿ."

ಮೊದಲು ನಗು ಬಂತು, ಆಮೇಲೆ ಸಾಲು. ಬಸರಕೋಡ ಮಾಸ್ತರರು ಓಡೋಡಿ ಬಂದರು.

"ತಂಗೆವ್ವ, ಅಳತಿ ಐತಿ! ನನ್ನ ನೌಕರಿ ತಿಂತೀಯೇನು?"

"ಉಪ್ಪಿಟ್ಟು ತಿನಸಾಕತ್ತೀನ್ರಿ ಸರ್. ಇದು ಗೇಟಿನ ಹೊರಗಿನ ರಸ್ತೆ. ಹಸದ ಕೂಸಿಗೆ ರಸ್ತಾದಾಗ ಉಣಸಬಾರ್ದಂತ ಕಾಯ್ದೆ ಇದ್ರ ತೋರಸ್ರಿ, ಗಾಡಿ ತಿರಗಸ್ತೀನಿ."

ಮಾಸ್ತರರು ಸಾಲು ಮುರಿಯುತ್ತಿದ್ದ ನಾಲ್ಕನೇ ಇಯತ್ತೆಯವರನ್ನು ಗದರಿಸಿ ನೆಟ್ಟಗೆ ನಿಲ್ಲಿಸಿ ಒಳಗೆ ಹೋದರು. ಚಿಕ್ಕಿ ಕೊನೆಯಲ್ಲಿ ಬಂದಳು.

"ಅವ್ವ ಬೈತಾಳ," ಎಂದಳು.

"ತಟ್ಟಿ ಹಿಡಿಯಬ್ಯಾಡ ಅಂದಾಳಲ್ಲ? ಹಿಡಿಯಬ್ಯಾಡ." ಮುತ್ತುಗದ ಎಲೆಯ ಮೇಲೆ ಉಪ್ಪಿಟ್ಟು ಇಟ್ಟು ಕೈಗೆ ಕೊಟ್ಟೆ. ತಿಂದಳು. ಎಲೆಯ ಗೀರುಗಳಿಗೆ ಅಂಟಿದ್ದನ್ನೂ ಬಿಡಲಿಲ್ಲ.

ಅಂದು ಮಧ್ಯಾಹ್ನ ಮೂರಕ್ಕೆ ಕೇಂದ್ರದ ಜೀಪು ಬಂತು. ಮೇಧಾ ಇಳಿದಳು. ಮುಖದಲ್ಲಿ ಸಿಟ್ಟಿತ್ತು, ಸಿಟ್ಟಿನ ಹಿಂದೆ ಬೇರೆ ಏನೋ ಇತ್ತು.

"ಏನು ಮಾಡಿದ್ರಿ ನೀವು? ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಪರದೆ ಮೇಲೆ ನಿಮ್ಮ ಶಾಲೆ ಬೆಳ್ಳಗಾಯ್ತು!"

"ಬೆಳ್ಳಗ ಅಂದ್ರ?"

"ಬಿಳಿ ಅಂದ್ರೆ ನಿರ್ಧಾರ ಆಗಿಲ್ಲ ಅಂತ. ಕೆಂಪು ನೀಲಿಯಾಗಿದ್ರೆ ನನಗೆ ಅರ್ಥ ಆಗ್ತಿತ್ತು. ಮೂವತ್ತೊಂದರಲ್ಲಿ ಇಪ್ಪತ್ತೇಳು ಮಕ್ಕಳು ಬಿಳಿ. ಕಣ್ಣೂ ನಿಂತಿದೆ, ನಾಡಿಯೂ ಸಮವಾಗಿದೆ, ಕೈಯೂ ಚುರುಕಾಗಿದೆ. ಮೂರೂ ಸಮ. ಯಂತ್ರಕ್ಕೆ ಅಂಥ ಮಗು ಗೊತ್ತೇ ಇಲ್ಲ."

"ನನಗ ಗೊತ್ತದಾವ. ಹೊಟ್ಟಿ ತುಂಬಿದ ಕೂಸುಗಳು ಹಂಗ ಇರತಾವ."

ಮೂರೂ ಸಮ ಬಂದಾಗ ಪಾಟಿ ಏನು ಮಾಡಬೇಕೆಂದು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ತೋಚದೆ ಅದು ಎಲ್ಲವನ್ನೂ ತೆರೆದು ಕುಳಿತಿತ್ತು. ವರಾಂಡದ ಕಂಬಕ್ಕೆ ಒರಗಿ ಚಿಕ್ಕಿ ಜೋರಾಗಿ ಓದುತ್ತಿದ್ದಳು. ಓದುತ್ತ, ಪಕ್ಕದಲ್ಲಿ ಮರದ ತುಂಡಿನಿಂದ ಏನೋ ಕಟ್ಟುತ್ತ, ನಡುನಡುವೆ ಪಾಟಿಯ ದನಿ ಕೇಳಿ ಅದರ ಹಾಗೆಯೇ ಅಣಕಿಸುತ್ತಿದ್ದಳು.

"ನೀ ಉಪ್ಪಿಟ್ಟು ಮಾಡೂದು ಯಾವದರಿಂದ ಕಲ್ತಿ ತಂಗಿ?" ಎಂದು ಮೇಧಾಳನ್ನು ಕೇಳಿದೆ.

"ನನಗೆ ಬರಲ್ಲ."

"ಅದಕ್ಕ. ಸಾಸಿವಿ ಸಿಡಿಯೂದು ಕೇಳಬೇಕು, ರವೆ ಬಣ್ಣ ನೋಡಬೇಕು, ಕೈಗೆ ಅದರ ಭಾರ ತಿಳೀಬೇಕು. ಒಂದರಿಂದ ಕಲ್ತಾಕಿ ತಳ ಹೊತ್ತಸ್ತಾಳ."

ಜೀಪು ಹತ್ತುವ ಮುಂಚೆ, ನೆಲ ನೋಡುತ್ತ, ಇಂದಿನ ಅಳತೆ ರದ್ದಾಗಿದೆ, ಮುಂದಿನ ಸೋಮವಾರ ಮತ್ತೆ ಮಾಡಲು ಮೇಲಿನಿಂದ ಆದೇಶ ಬಂದಿದೆ, ನನ್ನ ಮೇಲೆ ವರದಿ ಹೋಗಿದೆ ಎಂದಳು.

"ಮುಂದಿನ ಸೋಮವಾರಾನೂ ಗಾಡಿ ಬರತೈತಿ. ಅದನ್ನೂ ವರದಿನ್ಯಾಗ ಬರೀರಿ."

ಆ ವಾರವೆಲ್ಲ ಚಿಕ್ಕಿಯ ಪಾಟಿ ತೆರೆದೇ ಇತ್ತು. ಅವಳು ಎಣ್ಣೆ ಡಬ್ಬಿಯತ್ತ ತಿರುಗಿಯೂ ನೋಡಲಿಲ್ಲ. ಜ್ವಾಲಾಮುಖಿ, ತಿಮಿಂಗಿಲ, ಯಾವುದೋ ರಾಣಿಯ ಯುದ್ಧ ಎಂದು ನಾನು ಬೇಳೆ ಆರಿಸುವಾಗ ಓದಿ ಹೇಳುತ್ತಿದ್ದಳು. ಶುಕ್ರವಾರ ಒಮ್ಮೆಲೆ ನಿಲ್ಲಿಸಿ, "ಸೋಮವಾರ ಆದ ಮ್ಯಾಲೆ ಇದೆಲ್ಲ ಮುಚ್ಚತಾವೇನು?" ಎಂದಳು. "ಇನ್ನ ಎರಡು ದಿನ ಐತಿ, ಓದು," ಎಂದೆ.

ಎರಡನೆಯ ಸೋಮವಾರ ಗೇಟಿನ ಬಳಿ ಇಬ್ಬರು ಪೊಲೀಸರಿದ್ದರು. ನಮ್ಮ ಗಾಡಿಯನ್ನು ರಸ್ತೆಯ ತಿರುವಿನಲ್ಲೇ ತಡೆದರು. ಹಲೀಮಾ ಅವರೊಡನೆ ಜಗಳ ತೆಗೆದಿದ್ದಳು. ಆಗ ಕಂಡಿಕೆ ಓಣಿಯ ಕಡೆಯಿಂದ ಪ್ರಭಾವತಿ ಬಂದಳು. ಕೈಯಲ್ಲಿ ಒಂದು ಬೋಗುಣಿ, ಅದರಲ್ಲಿ ನೆನೆಸಿದ ಶೇಂಗಾ. ಅಷ್ಟೇ. ಅವಳ ಹಿಂದೆ ಓಣಿಯ ಹೆಂಗಸರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಡಬ್ಬಿ. ಅರ್ಧ ರೊಟ್ಟಿ, ಒಂದು ಹಿಡಿ ಚುರುಮುರಿ, ಬೆಲ್ಲದ ತುಂಡು. ಯಾರ ಮನೆಯಲ್ಲಿ ಎಷ್ಟು ಉಳಿದಿತ್ತೆಂದು ಆ ಡಬ್ಬಿಗಳೇ ಊರಿಗೆಲ್ಲ ಹೇಳುತ್ತಿದ್ದವು. ಅವರು ಮುಚ್ಚಿಕೊಳ್ಳಲಿಲ್ಲ.

ಪೊಲೀಸರಲ್ಲಿ ಹಿರಿಯವನು, "ಯವ್ವಾ, ಆದೇಶ ಐತಿ," ಎಂದ.

"ಗಾಡಿ ತಡೀಬೇಕಂತ ಐತಿ," ಎಂದಳು ಪ್ರಭಾವತಿ. "ನಾವು ಗಾಡಿ ಅಲ್ಲ." ಹೊಗೆಯ ಹಾಗೆ ಹೆಂಗಸರು ಅವನ ಎರಡೂ ಮಗ್ಗುಲಿನಿಂದ ನಡೆದು ಹೋದರು. ಚಿಕ್ಕಿಗೆ ಶೇಂಗಾ ಕೊಡುವಾಗ ತಾಯಿ ನನ್ನ ಮುಖ ನೋಡಲಿಲ್ಲ, "ಒಂದು ವಾರ ಅಕಿ ನನಗ ಓದಿ ಹೇಳಿದ್ಲು. ನನ್ನ ಬಗಿ ಯಾವುದಂತ ಯಾರ್ ನೋಡಿದ್ರು, ಹೇಳು," ಎಂದಷ್ಟೇ ಹೇಳಿದಳು.

ಆಗ ಜೀಪು ಬಂತು. ಮೇಧಾ ಇಳಿಯುವಾಗ ಬಾಗಿಲು ಹಿಡಿದುಕೊಂಡಳು. ತುಟಿ ಒಣಗಿತ್ತು. ಹತ್ತೊಂಬತ್ತು ವರ್ಷದ ಸೋಮವಾರಗಳನ್ನು ನೋಡಿದ ನನಗೆ ಆ ಮುಖ ಕೂಡಲೇ ತಿಳಿಯಿತು.

"ಯಾವಾಗ ಉಂಡಿ?" ಎಂದೆ.

"ಶನಿವಾರ ಮಧ್ಯಾಹ್ನ." ಮುಖದ ಮೇಲೆ ಕನ್ನಡಕ ಇರಲಿಲ್ಲ, ಆದರೂ ಉತ್ತರಿಸಿದಳು. "ಕನ್ನಡಕದ ಅಕ್ಷರ ಓಡ್ತಿತ್ತು ಅಮ್ಮಾ. ಅದಕ್ಕೆ ತೆಗೆದಿಟ್ಟೆ. ನಿಮ್ಮ ಮಾತು ಕೇಳ್ಸ್ತಿದೆ."

ವರಾಂಡದಲ್ಲಿ ಮಕ್ಕಳ ಸಾಲಿನ ಮೊದಲಿಗೆ ಅವಳು ತಾನೇ ಕುಳಿತಳು. ಉಂಗುರ ಹಾಕಿಕೊಂಡಳು. ಒಂದೂವರೆ ತಾಸು ಯಾರೂ ಕದಲಲಿಲ್ಲ, ಬಸರಕೋಡ ಮಾಸ್ತರರು ಕೂಡ. ಪಾಟಿ ಕೊನೆಗೆ ತನ್ನ ಬಣ್ಣ ತೋರಿಸಿತು. ಕೆಂಪು. ಇಪ್ಪತ್ತು ವರ್ಷ ಕಣ್ಣಿನವಳಾಗಿ ಬದುಕಿದ ಹುಡುಗಿ ಕೈಯ ಗುರುತನ್ನು ನೋಡುತ್ತ ಕುಳಿತಳು. ಚಡಪಡಿಸುತ್ತಿದ್ದ ತನ್ನ ಬೆರಳುಗಳನ್ನೂ ನೋಡಿಕೊಂಡಳು.

"ಇವತ್ತು ಇಲ್ಲಿ ಅಳತೆ ಇಲ್ಲ," ಎಂದಳು ಎದ್ದು. "ಈ ಜಿಲ್ಲೆಯಲ್ಲಿ ಯಾವ ಮಗುವಿನ ಬಗೆಯೂ ಖಾಯಂ ಆಗಲ್ಲ. ನನ್ನ ಫಲಿತಾಂಶ ಲಗತ್ತಿಸಿ ಬರೀತೀನಿ. ನನ್ನ ಹೆಸರು ಹಾಕಿ." ಆಮೇಲೆ ದನಿ ತಗ್ಗಿಸಿ, "ಅಮ್ಮಾ, ಉಪ್ಪಿಟ್ಟು ಉಳಿದಿದ್ಯಾ?"

"ತಿರುವಿನಾಗ ಗಾಡಿ ತುಂಬ ಐತಿ. ಸಾಲಿನಾಗ ನಿಂದ್ರವ್ವಾ. ಚಿಕ್ಕಿ ಹಿಂದ."

ಅವಳ ವರದಿ ಮೇಲಿನವರ ಮೇಜಿನ ಮೇಲೆ ಕುಳಿತಿದೆ. ಅವರು ಅದನ್ನು ತಳ್ಳಲೂ ಇಲ್ಲ, ಒಪ್ಪಲೂ ಇಲ್ಲ. ತೀರ್ಮಾನ ಆಗುವ ತನಕ ನಮ್ಮ ಜಿಲ್ಲೆಯ ಪಾಟಿಗಳು ತೆರೆದೇ ಇರಬೇಕು. ನನ್ನ ಫೈಲು ಬೇರೆ ಇಲಾಖೆಯದು, ಅದು ಮಾತ್ರ ಬೇಗ ಓಡಿತು. ಗುರುವಾರವೇ ಟಪಾಲಿನಲ್ಲಿ ಕಾಗದ ಬಂತು. ನಾನು ಕನ್ನಡಕ ಹುಡುಕುತ್ತಿದ್ದಾಗ ಚಿಕ್ಕಿ ಕಸಿದುಕೊಂಡು ಹೊಸ್ತಿಲ ಮೇಲೆ ನಿಂತು ಓದಿದಳು:

"ಅಳತೆಯ ಕಾರ್ಯಕ್ಕೆ ಉದ್ದೇಶಪೂರ್ವಕವಾಗಿ ಅಡಚಣೆ ಉಂಟುಮಾಡಿದ ಕಾರಣ, ಸದರಿ ತಂಗೆವ್ವ ಬಾಣಕಾರ ಇವರನ್ನು ಅಡುಗೆ ಸಿಬ್ಬಂದಿ ಕೆಲಸದಿಂದ ತಕ್ಷಣ ಜಾರಿಗೆ ಬರುವಂತೆ ವಜಾಗೊಳಿಸಲಾಗಿದೆ."

ಓದಿದ ಮೇಲೆ ಅರ್ಥ ತಿಳಿದು ಚಿಕ್ಕಿಯ ಕಣ್ಣು ತುಂಬಿದವು.

ಉದ್ದೇಶಪೂರ್ವಕವಾಗಿ. ಅಷ್ಟುದ್ದದ ಪದ. ಎಲ್ಲೂ ಎಡವದೆ, ಒಂದೇ ಉಸಿರಿಗೆ.

"ಅಳಬ್ಯಾಡ," ಎಂದೆ. "ಗಾಡಿ ನಮ್ದು, ರಸ್ತಾ ಯಾರಪ್ಪಂದೂ ಅಲ್ಲ, ಸೋಮವಾರ ತಪ್ಪದ ಬರತೈತಿ." ಅಕ್ಕಿ ಚೀಲದ ಮೇಲೆ ಕಾಲು ಚಾಚಿ ಕುಳಿತೆ. "ಎಲ್ಲಿ, ಇನ್ನೊಂದು ಸಲ ಓದು. ಜೋರಾಗಿ ಓದು."